ಫಾರ್ಮ್ಯಾಟ್ ಹೊಡೆಸುವ ಮುನ್ನ

ತುಮಕೂರಿನ ಸತ್ಯಮಂಗಲ ಕೈಗಾರಿಕಾ ಪ್ರದೇಶದ ಸಣ್ಣ ಘಟಕದ ಲೆಕ್ಕದ ಕೋಣೆಯೇ ಇರಲಿ, ಅಲ್ಲೇ ಹತ್ತಿರದ ಪದವಿ ವಿದ್ಯಾರ್ಥಿಯ ಮನೆಯೇ ಇರಲಿ, ಲ್ಯಾಪ್‌ಟಾಪಿನ ವಿಂಡೋಸ್ ಅಪ್‌ಡೇಟ್ ಕೆಟ್ಟು ನಿಂತಿತೆಂದರೆ ಮೊದಲು ಕೇಳಿಬರುವ ಸಲಹೆ ‘ಫಾರ್ಮ್ಯಾಟ್ ಹೊಡೆಸಿಬಿಡಿ’ ಎಂಬುದು. ಅದು ಎಲ್ಲ ದಾರಿಯೂ ಮುಚ್ಚಿದ ಮೇಲೆ ಹಿಡಿಯಬೇಕಾದ ದಾರಿ.

ಫಾರ್ಮ್ಯಾಟ್‌ನಲ್ಲಿ ಏನು ಹೋಗುತ್ತದೆ ಎಂಬುದು ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ. ಟ್ಯಾಲಿಯ ಲೆಕ್ಕ ಸಾಮಾನ್ಯವಾಗಿ ಫಾರ್ಮ್ಯಾಟ್ ಅಳಿಸುವ ಸಿ ಡ್ರೈವಿನಲ್ಲೇ ಇರುತ್ತದೆ. ‘ನುಡಿ’ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳು ಯೂನಿಕೋಡ್ ಅಲ್ಲ. ಕಡತ ಉಳಿದರೂ ಫಾಂಟ್ ಹೋಗಿದ್ದರೆ ಕ್ರಯಪತ್ರದ ಕರಡೂ ಲಗ್ನಪತ್ರಿಕೆಯೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಫಾಂಟ್ ಮತ್ತೆ ಹಾಕಿದರೆ ಸರಿಹೋಗುತ್ತದೆ. ಅದು ತಿಳಿಯದೆ ಕಡತವೇ ಕೆಟ್ಟಿತೆಂದು ಅಳಿಸಿದರೆ ಆ ನಷ್ಟ ತುಂಬಲಾಗದು.

ಹಾಗಾಗಿ ಮೊದಲು ಪರದೆಯ ಮೇಲಿನ ದೋಷದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಫೋನಿನಲ್ಲಿ ಫೋಟೋ ತೆಗೆದರೂ ಸಾಕು. 80070070 ಎಂದಿದ್ದರೆ ಡಿಸ್ಕ್ ತುಂಬಿದೆ, ಅಷ್ಟೆ. ಸೆಟ್ಟಿಂಗ್ಸ್‌ನ ಸ್ಟೋರೇಜ್‌ನಲ್ಲಿ ತಾತ್ಕಾಲಿಕ ಕಡತಗಳನ್ನು ಅಳಿಸಿದರೆ ಜಾಗ ಸಿಗುತ್ತದೆ. ಆ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಕೂಡ ಇರುತ್ತದೆ. ಅಂಕಪಟ್ಟಿ, ಬಿಲ್ಲುಗಳೆಲ್ಲ ಅಲ್ಲೇ ಬಿದ್ದಿರುವುದರಿಂದ ನೋಡದೆ ಅದಕ್ಕೆ ಟಿಕ್ ಹಾಕಬಾರದು. ಜಾಗವಿದ್ದರೂ, ‘ಮೀಟರ್ಡ್’ (ಡೇಟಾ ಮಿತಿಯುಳ್ಳದ್ದು) ಎಂದು ಗುರುತಾದ ಸಂಪರ್ಕದಲ್ಲಿ ದೊಡ್ಡ ಅಪ್‌ಡೇಟ್ ತಾನಾಗಿ ಇಳಿಯುವುದಿಲ್ಲ. ಬ್ಯಾಟರಿ ಸತ್ತು ಚಾರ್ಜರ್ ಮೇಲೇ ನಡೆಯುವ ಹಳೆಯ ಲ್ಯಾಪ್‌ಟಾಪಿಗಂತೂ ಯುಪಿಎಸ್ ಇಲ್ಲದೆ ಅಪ್‌ಡೇಟ್ ಹಚ್ಚುವುದೇ ಬೇಡ. ನಡುವೆ ಕರೆಂಟ್ ಹೋದರೆ ಕಡತಗಳು ಅರ್ಧಂಬರ್ಧ ಆಗುತ್ತವೆ.

ಹಾಗೆ ಅರ್ಧ ಇಳಿದ ಕಡತಗಳೇ ತೊಡಕಾಗಿದ್ದರೆ ಅಪ್‌ಡೇಟ್ ಸೇವೆಯನ್ನು ನಿಲ್ಲಿಸಿ, ವಿಂಡೋಸ್ ಫೋಲ್ಡರಿನೊಳಗಿನ ‘ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್’ಗೆ ಬೇರೆ ಹೆಸರಿಟ್ಟು, ಸೇವೆಯನ್ನು ಮತ್ತೆ ಆರಂಭಿಸಬೇಕು. ವಿಂಡೋಸ್ ಹೊಸದಾಗಿ ಇಳಿಸಿಕೊಳ್ಳುತ್ತದೆ, ನಿಮ್ಮ ಕಡತಗಳಿಗೆ ಏನೂ ಆಗುವುದಿಲ್ಲ. ವ್ಯವಸ್ಥೆಯ ಕಡತಗಳೇ ಹಾಳಾಗಿದ್ದರೆ ಮೊದಲು ‘ಡಿಐಎಸ್‌ಎಂ’, ಆಮೇಲೆ ‘ಎಸ್‌ಎಫ್‌ಸಿ’ ಆದೇಶ ಕೊಟ್ಟು ರಿಪೇರಿ ಮಾಡಿಸಬಹುದು.

ಕೆಲವು ಸಲ ಬಳಸುವವರ ತಪ್ಪು ಏನೂ ಇರುವುದಿಲ್ಲ. 2024ರ ಜನವರಿಯ ಒಂದು ಭದ್ರತಾ ಅಪ್‌ಡೇಟ್ ಅನೇಕರಿಗೆ 80070643 ಎಂದು ತೋರಿಸಿ ನಿಂತಿತು. ರಿಕವರಿ ಪಾರ್ಟಿಷನ್‌ನಲ್ಲಿ ಅದಕ್ಕೆ 250 ಎಂಬಿ ಖಾಲಿ ಜಾಗ ಬೇಕಿತ್ತು. ಅದೇ ವರ್ಷ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ತಂತ್ರಾಂಶದ ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿದವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಕೆಲಸ ಕೈಯಲ್ಲೇ ನಡೆಯಿತು. ಸೇಫ್ ಮೋಡ್‌ನಲ್ಲಿ ಹೋಗಿ ದೋಷದ ಒಂದು ಕಡತ ಅಳಿಸಿದರೆ ಯಂತ್ರ ಎದ್ದು ನಿಲ್ಲುತ್ತಿತ್ತು. ಅಷ್ಟು ದೊಡ್ಡ ಅವಾಂತರಕ್ಕೂ ಫಾರ್ಮ್ಯಾಟ್ ಬೇಕಾಗಲಿಲ್ಲ.

ಹಳೆಯ ಲ್ಯಾಪ್‌ಟಾಪ್ ಇರುವವರ ಸಮಸ್ಯೆ ಬೇರೆ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಯಂತ್ರದಲ್ಲಿರಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದರ ಮುಂದಿನ ಪ್ರೊಸೆಸರ್ ಇರಬೇಕು. ಇಲ್ಲದವರು ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರಬಹುದು. ಮೈಕ್ರೋಸಾಫ್ಟ್ ಖಾತೆಗೆ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿಕೊಂಡರೆ ಹಣವಿಲ್ಲದೆಯೇ 2026ರ ಅಕ್ಟೋಬರ್ 13ರವರೆಗಿನ ಭದ್ರತಾ ಅಪ್‌ಡೇಟ್‌ಗಳನ್ನು ಪಡೆಯುವ ದಾರಿ ಅದರಲ್ಲಿದೆ.