ಅಶೋಕನ ಒಂಬತ್ತು ಮಂದಿ, ಕಳೆದುಹೋದ ಗ್ರಂಥಗಳು ಮತ್ತು ಒಂದು ಮುರಿದ ಶಾಸನ

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗ ಮನೆಗೆ ಬಂದಿದ್ದ. ಬಂದವನೇ ಕೇಳಿದ ಮೊದಲ ಪ್ರಶ್ನೆ: "ಮಾವ, ಬ್ರಹ್ಮಗಿರಿ ಶಾಸನದ ಕೊನೇ ಪದ ಉಲ್ಟಾ ಬರೆದಿದಾರಂತೆ. ಅದು ಕೋಡ್ ಅಲ್ವಾ?" ಅವನ ಕೈಯಲ್ಲಿ ದಪ್ಪ ಇಂಗ್ಲಿಷ್ ಥ್ರಿಲ್ಲರ್ ಒಂದಿತ್ತು. ಅಶೋಕ ಚಕ್ರವರ್ತಿ ಒಂಬತ್ತು ಜನರ ಗುಪ್ತಸಂಘ ಕಟ್ಟಿದ, ಜಗತ್ತನ್ನೇ ನಾಶ ಮಾಡಬಲ್ಲ ವಿದ್ಯೆಯನ್ನು ಅವರ ಕೈಗೆ ಕೊಟ್ಟ, ಆ ಗ್ರಂಥ ಎಲ್ಲೋ ಅಡಗಿದೆ, ಅದರ ಸುಳಿವು ಶಾಸನಗಳಲ್ಲಿದೆ ಅನ್ನೋ ಜಾತಿಯ ಕಥೆ.

ಮೊದಲೇ ಹೇಳಿಬಿಡ್ತೀನಿ, ನಾನು ಇಂಥ ಕಾದಂಬರಿಗಳ ವಿರೋಧಿ ಅಲ್ಲ. ಮೆಕ್ಯಾನಿಕಲ್ ಎಂಜಿನಿಯರ್ ಆದ ನನಗೆ ಶಾಸನದ ಹುಚ್ಚು ಹತ್ತಿದ್ದೇ ಇಂಥ ಓದಿನಿಂದ. ಕೆ.ಎನ್. ಗಣೇಶಯ್ಯನವರ 'ಕನಕ ಮುಸುಕು' ಓದಿ, ಸೋಮನಾಥಪುರದ ಶಿಲ್ಪಗಳ ಕೈಯಲ್ಲಿರೋದು ಮೆಕ್ಕೆಜೋಳವೇ ಹೌದಾ ಅಂತ ನೋಡೋಕೆ ಹೋದವರಲ್ಲಿ ನಾನೂ ಒಬ್ಬ. ಹೋದಮೇಲೆ ಶಿಲ್ಪಕ್ಕಿಂತ ಅಲ್ಲಿನ ಶಾಸನದ ಕಲ್ಲು ಹಿಡಿದುಕೊಂಡಿತು, ಅದು ಬೇರೆ ಮಾತು. ಅವರ ಕಥೆಗಳಲ್ಲಿ ಚಿತ್ರ, ಆಕರ ಎಲ್ಲ ಇರುತ್ತವೆ. ಎಲ್ಲಿ ಇತಿಹಾಸ ಮುಗಿದು ಎಲ್ಲಿ ಕಲ್ಪನೆ ಶುರುವಾಯ್ತು ಅಂತ ಓದುಗ ಹುಡುಕಿಕೊಂಡು ಹೋಗಬಹುದು. ಆ ಗೆರೆ ಅಳಿಸಿಹೋದರೆ ಏನಾಗುತ್ತೆ ಅನ್ನೋದಕ್ಕೆ ಈ 'ಒಂಬತ್ತು ಮಂದಿ'ಯ ಕಥೆಗಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಇದರ ಬೇರು ಯಾವ ತಾಳೆಗರಿಯಲ್ಲೂ ಇಲ್ಲ. ಟಾಲ್ಬಟ್ ಮಂಡಿ ಎಂಬ ಸಾಹಸಕಥೆಗಳ ಲೇಖಕ 1923ರಲ್ಲಿ ಬರೆದ 'ದಿ ನೈನ್ ಅನ್‌ನೋನ್' ಕಾದಂಬರಿಯಿಂದ ಇದು ಜನಪ್ರಿಯವಾಯ್ತು. ಅಮೆರಿಕದ 'ಅಡ್ವೆಂಚರ್' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಥೆ ಅದು. ಒಂಬತ್ತು ಗುಪ್ತ ಗ್ರಂಥಗಳು, ಅವನ್ನು ಕಾಯುವ ಒಂಬತ್ತು ಜನ ಎಲ್ಲ ಅಲ್ಲಿದ್ದಾರೆ. 1960ರಲ್ಲಿ ಲೂಯಿ ಪೋವೆಲ್ಸ್ ಮತ್ತು ಜಾಕ್ ಬರ್ಜಿಯೆ ಎಂಬ ಇಬ್ಬರು ಫ್ರೆಂಚರು ತಮ್ಮ ಪುಸ್ತಕವೊಂದರಲ್ಲಿ ಇದನ್ನು ಕಾದಂಬರಿ ಅನ್ನದೆ, ನಿಜವಿರಬಹುದಾದ ಸಂಗತಿ ಅನ್ನೋ ಹಾಗೆ ಬರೆದರು. ಅಲ್ಲಿಂದ ಮುಂದೆ ಅದು 'ಇತಿಹಾಸ'. 2013ರಲ್ಲಿ ಬಂದ ಕ್ರಿಸ್ಟೋಫರ್ ಡಾಯ್ಲ್ ಅವರ 'ದಿ ಮಹಾಭಾರತ ಸೀಕ್ರೆಟ್' ಇದೇ ಎಳೆಯನ್ನು ಹಿಡಿದು ಹೆಣೆದ ಕಾದಂಬರಿ. ಕಾದಂಬರಿಕಾರರ ತಪ್ಪೇನಿಲ್ಲ, ಅವರು ಕಾದಂಬರಿ ಅಂತಲೇ ಮಾರಿದರು. ಆದರೆ ವಾಟ್ಸಾಪಿನಲ್ಲಿ ಬರೋವಾಗ ಮುಖಪುಟ ಹರಿದುಹೋಗಿರುತ್ತೆ.

ಆ ಒಂಬತ್ತು ಗ್ರಂಥಗಳ ಪಟ್ಟಿ ಅಂತ ಓಡಾಡುತ್ತಲ್ಲ, ಅದನ್ನು ಒಮ್ಮೆ ಗಮನವಿಟ್ಟು ಓದಿ: ಪ್ರಚಾರತಂತ್ರ, ಸೂಕ್ಷ್ಮಜೀವಿಶಾಸ್ತ್ರ, ಗುರುತ್ವಾಕರ್ಷಣೆ, ಬೆಳಕು, ಸಮಾಜಶಾಸ್ತ್ರ, ಹೀಗೆ. ಇದು ಮೌರ್ಯರ ಕಾಲದ ಪಟ್ಟಿ ಅಲ್ಲ, ಇಪ್ಪತ್ತನೇ ಶತಮಾನದ ವಿಶ್ವವಿದ್ಯಾಲಯದ ವಿಭಾಗಗಳ ಪಟ್ಟಿ. ನಮ್ಮ ಹಳಬರು ವಿದ್ಯೆಯನ್ನು ಹೇಗೆ ವಿಂಗಡಿಸುತ್ತಿದ್ದರು ಅಂತ ತಿಳಿಯೋಕೆ ಕೌಟಿಲ್ಯನ ಅರ್ಥಶಾಸ್ತ್ರವೇ ಇದೆ: ಆನ್ವೀಕ್ಷಿಕೀ, ತ್ರಯೀ, ವಾರ್ತಾ, ದಂಡನೀತಿ. ನಾಲ್ಕೇ. ತರ್ಕ, ವೇದ, ಕೃಷಿ-ಪಶುಪಾಲನೆ-ವ್ಯಾಪಾರ, ಆಡಳಿತ. ಖೋಟಾ ಶಾಸನ ಹಿಡಿಯೋದೂ ಹೀಗೇ. ಅದು ತಾನು ಹೇಳಿಕೊಳ್ಳುವ ಕಾಲದಲ್ಲಿ ಇಲ್ಲದ ಪದ, ಇಲ್ಲದ ಲಿಪಿ, ಇಲ್ಲದ ವಿಂಗಡಣೆ ಬಳಸಿ ಸಿಕ್ಕಿಬೀಳುತ್ತೆ. 'ವೈಮಾನಿಕ ಶಾಸ್ತ್ರ'ದ ವಿಷಯದಲ್ಲೂ ಆಗಿದ್ದು ಇದೇ. ಭರದ್ವಾಜ ಮಹರ್ಷಿಯದು ಅನ್ನಲಾಗುವ ಆ ಗ್ರಂಥವನ್ನು 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಪರಿಶೀಲಿಸಿ, ಅದು 1904ಕ್ಕಿಂತ ಹಳೆಯದಲ್ಲ, ಅದರಲ್ಲಿನ ವಿಮಾನಗಳು ಹಾರಲಾರವು ಅಂತ ತೋರಿಸಿದರು.

ಈಗ ಹುಡುಗನ ಪ್ರಶ್ನೆಗೆ ಬರೋಣ. ಚಿತ್ರದುರ್ಗ ಜಿಲ್ಲೆ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ. ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಲಘು ಶಿಲಾಶಾಸನ. ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ ('ಚ' ಬೇರೆ ಮಾಡಿ 'ಪಡ' ಅಂತ ಓದೋರೂ ಇದ್ದಾರೆ). ಶಾಸನವೆಲ್ಲ ಬ್ರಾಹ್ಮಿಯಲ್ಲಿದೆ. 'ಲಿಪಿಕರೇಣ' ಅನ್ನೋ ಒಂದೇ ಪದ, ಐದಕ್ಷರ, ಖರೋಷ್ಠಿಯಲ್ಲಿದೆ. ಖರೋಷ್ಠಿ ಬಲದಿಂದ ಎಡಕ್ಕೆ ಬರೆಯೋ ಲಿಪಿ. ಹಾಗಾಗಿ ಹುಡುಗ ಹೇಳಿದ್ದು ಸುಳ್ಳಲ್ಲ, ಪದ 'ಉಲ್ಟಾ'ನೇ ಇದೆ. ಆದರೆ ಆ ಪದದ ಅರ್ಥ ಏನು? 'ಲಿಪಿಕಾರನಿಂದ' ಅಂತ, ಅಷ್ಟೆ. ಖರೋಷ್ಠಿ ಚಾಲ್ತಿಯಲ್ಲಿದ್ದದ್ದು ವಾಯವ್ಯದಲ್ಲಿ, ಈಗಿನ ಪಾಕಿಸ್ತಾನದ ಶಹಬಾಜ್‌ಗಢಿ, ಮಾನ್‌ಸೆಹ್ರಾ ಕಡೆ. ಆ ಕಡೆ ಕೆಲಸ ಕಲಿತ ಬರಹಗಾರನೊಬ್ಬ ನಮ್ಮ ಬಯಲುಸೀಮೆಯ ಬಂಡೆಯ ಮೇಲೆ ತನಗೆ ಎರಡು ಲಿಪಿ ಬರುತ್ತೆ ಅಂತ ಸಹಿ ಹಾಕಿದ್ದಾನೆ. ನನಗಂತೂ ಯಾವ ಗುಪ್ತಸಂಘಕ್ಕಿಂತ ಈ ಮನುಷ್ಯನ ಮೇಲೆ ಕುತೂಹಲ ಹೆಚ್ಚು. ಅಷ್ಟು ದೂರ ಹೇಗೆ ಬಂದ, ಊರಿಗೆ ವಾಪಸ್ ಹೋದನಾ?

ಕೋಡ್ ಬೇಕು ಅನ್ನೋರಿಗೆ ಅದೇ ಶಾಸನದಲ್ಲಿ ಇನ್ನೊಂದಿದೆ: 256 ಎಂಬ ಸಂಖ್ಯೆ. ರೂಪನಾಥ, ಸಹಸ್ರಾಮ್ ಪಾಠಗಳಲ್ಲೂ ಇದೆ. ಬುದ್ಧನ ನಿರ್ವಾಣವಾಗಿ 256 ವರ್ಷ ಅಂತ ಬ್ಯೂಲರ್ ಅರ್ಥ ಮಾಡಿದ್ದರು. ಹಾಗಿದ್ದಿದ್ದರೆ ಬುದ್ಧನ ಕಾಲನಿರ್ಣಯವೇ ಕೈಗೆ ಸಿಕ್ಕ ಹಾಗೆ. ಆದರೆ ಪಾಠಗಳನ್ನು ಪಕ್ಕಪಕ್ಕ ಇಟ್ಟು ಓದಿದ ಮೇಲೆ, ರಾಜ ಪ್ರವಾಸದಲ್ಲಿ ಕಳೆದ 256 ರಾತ್ರಿಗಳು ಅನ್ನೋ ಅರ್ಥ ನಿಂತಿತು. ಆಗ ಒಗಟು ಬಿಡಿಸಿದ್ದು ಅದೇ ಶಾಸನದ ಬೇರೆ ಪ್ರತಿಗಳು.

ಗುಪ್ತಸಂಘದ ಕಥೆಗೆ ದೊಡ್ಡ ತೊಂದರೆ ಕೊಡೋನು ಸ್ವತಃ ಅಶೋಕ. ಕಳಿಂಗದ ಪ್ರತ್ಯೇಕ ಶಾಸನದಲ್ಲಿ ಅವನ ಆಜ್ಞೆ ಇದೆ: ಇದನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಜನರಿಗೆ ಓದಿ ಕೇಳಿಸಬೇಕು, ನಡುನಡುವೆಯೂ ಕೇಳಿಸಬೇಕು, ಕೇಳುವವನು ಒಬ್ಬನೇ ಇದ್ದರೂ ಓದಬೇಕು. ತನ್ನ ಮಾತು ಒಬ್ಬೊಬ್ಬರ ಕಿವಿಗೂ ಬೀಳಲಿ ಅಂತ ಬಂಡೆ ಬಂಡೆಗೆ ಕೊರೆಸಿದವನು ವಿದ್ಯೆಯನ್ನು ಒಂಬತ್ತು ಜನರ ಹತ್ತಿರ ಬಚ್ಚಿಟ್ಟ ಅಂದರೆ ನಂಬೋಕೆ ಸ್ವಲ್ಪ ಕಷ್ಟ.

ಅವನೂ ಮುಚ್ಚಿಟ್ಟದ್ದು ಇಲ್ಲ ಅಂತಲ್ಲ. ಹದಿಮೂರನೇ ಶಿಲಾಶಾಸನದಲ್ಲಿ ಕಳಿಂಗ ಯುದ್ಧದ ಪಶ್ಚಾತ್ತಾಪವಿದೆ: ಒಂದೂವರೆ ಲಕ್ಷ ಜನ ಸೆರೆ, ಒಂದು ಲಕ್ಷ ಜನ ಹತ, ಅದರ ಎಷ್ಟೋ ಪಟ್ಟು ಜನ ಸತ್ತರು. ಈ ಶಾಸನ ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ಇಲ್ಲ! ಹನ್ನೊಂದರಿಂದ ಹದಿಮೂರರವರೆಗೆ ಕೈಬಿಟ್ಟು ಆ ಜಾಗಕ್ಕೆ ಎರಡು ಪ್ರತ್ಯೇಕ ಶಾಸನ ಹಾಕಿಸಿದ್ದಾನೆ. ಸೋತವರ ಊರಲ್ಲಿ ಆ ಲೆಕ್ಕ ಬೇಡ ಅನಿಸಿರಬೇಕು. ಅದೇ ಪ್ರತ್ಯೇಕ ಶಾಸನಗಳು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕವು. 1980ರ ದಶಕದಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಕಾ ಗುಡಿಯ ಚಾವಣಿ ಕುಸಿದಾಗ ನೋಡಿದರೆ, ವಿಗ್ರಹದ ಪೀಠವೇ ಅಶೋಕನ ಶಾಸನದ ಚಪ್ಪಡಿ. ವಿಗ್ರಹ ಕೂರಿಸೋಕೆ ನಡುವೆ ತೂತು ಕೊರೆದಿದ್ದರು. ಕಳಿಂಗಕ್ಕೆಂದು ಬರೆಸಿದ ಮಾತು ಭೀಮಾ ತೀರಕ್ಕೆ ಯಾಕೆ ಬಂತು? ಥ್ರಿಲ್ಲರ್ ಬರೆಯೋರು ಇದನ್ನು ಯಾಕೆ ಮುಟ್ಟಿಲ್ಲವೋ ನಾ ಕಾಣೆ.

ನಿಜವಾಗಿ ಕಳೆದುಹೋಗಿದ್ದ ಗ್ರಂಥ ಸಿಕ್ಕಿದ್ದೂ ನಮ್ಮಲ್ಲೇ. ಅರ್ಥಶಾಸ್ತ್ರದ ಹೆಸರು ದಂಡಿಗೆ ಗೊತ್ತು, ಕಾಮಂದಕನಿಗೆ ಗೊತ್ತು, ಆದರೆ ಪೂರ್ತಿ ಗ್ರಂಥ ಕಂಡವರಿಲ್ಲ. 1905ರ ಸುಮಾರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ತಾಳೆಗರಿಯ ಕಟ್ಟೊಂದನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಿದರು. ಗ್ರಂಥ ಲಿಪಿ. ಜೊತೆಗೆ ಭಟ್ಟಸ್ವಾಮಿಯ ಅಪೂರ್ಣ ವ್ಯಾಖ್ಯಾನ. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಕೂತು ಓದಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಪೂರ್ತಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಯಾರೂ ಅಟ್ಟಿಸಿಕೊಂಡು ಬರಲಿಲ್ಲ, ಕೊಲೆ ಆಗಲಿಲ್ಲ. ಅದೇ 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್‌ಗೆ 'ಅಶೋಕ' ಅನ್ನೋ ಹೆಸರೇ ಇರುವ ಶಾಸನ ಸಿಕ್ಕಿತು. ಅಲ್ಲಿವರೆಗೆ ಕಲ್ಲುಗಳಲ್ಲಿ ಬರೀ 'ದೇವಾನಾಂಪ್ರಿಯ', 'ಪಿಯದಸಿ'. ಚಿನ್ನ ಹುಡುಕೋಕೆ ಬಂದ ಎಂಜಿನಿಯರ್ ಕಲ್ಲಿನ ಮೇಲಿನ ಅಕ್ಷರ ಗಮನಿಸಿದ ಅನ್ನೋದು ನಮ್ಮ ವೃತ್ತಿಯವರು ಜಂಬ ಪಡಬಹುದಾದ ಸಂಗತಿ.

ಇಷ್ಟನ್ನೆಲ್ಲ ಯಾಕೆ ಬರೆದೆ ಅಂದರೆ, ಚಿನ್ನದ ವಿಷಯಕ್ಕೆ ನನ್ನದೇ ಒಂದು ತಪ್ಪು ಇದೆ. ಆರು ವರ್ಷದ ಹಿಂದೆ ಒಂದು ಹಳ್ಳಿಯಲ್ಲಿ (ಊರಿನ ಹೆಸರು ಬೇಡ) ವಿಜಯನಗರ ಕಾಲದ ದಾನಶಾಸನವೊಂದನ್ನು ಫೋಟೋ ತೆಗೆದು, ಸುತ್ತ ನೆರೆದವರಿಗೆ ಜೋರಾಗಿ ಓದಿ ಹೇಳಿದೆ. ಅದರಲ್ಲಿ ಅಷ್ಟಭೋಗದ ಮಾಮೂಲು ಸಾಲಿತ್ತು: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಶಾಸನ ಓದೋರಿಗೆ ಇದು ಗೊತ್ತಿರೋದೇ. ದಾನ ಪಡೆದವನಿಗೆ ಆ ಭೂಮಿಯ ಮೇಲೆ ಇರುವ ಎಂಟು ಹಕ್ಕುಗಳು. ಮುಂದೆ ಎಂದಾದರೂ ನಿಧಿ ಸಿಕ್ಕರೆ ಅದೂ ಅವನದೇ, ಅರಮನೆಗಲ್ಲ ಅಂತ ಅರ್ಥ, ನಿಧಿ ಇದೆ ಅಂತಲ್ಲ. ನಿಮ್ಮ ಸೈಟಿನ ಕ್ರಯಪತ್ರ ತೆಗೆದು ನೋಡಿ, 'ನಿಧಿ ನಿಕ್ಷೇಪ ಜಲ ತರು ಪಾಷಾಣ' ಅಂತ ಅಲ್ಲೂ ಇರಬಹುದು. ಹಾಗಂತ ಯಾರೂ ಮೂವತ್ತು-ನಲವತ್ತರ ಸೈಟಿನಲ್ಲಿ ಬಂಗಾರ ಅಗೆಯಲ್ಲ.

ನಾನು ಓದಿದೆ, ವಿವರಿಸಲಿಲ್ಲ. ಬಿಸಿಲಿತ್ತು, ಇನ್ನೊಂದು ಊರಿಗೆ ಹೋಗೋದಿತ್ತು. ಗುಂಪಿನಲ್ಲಿದ್ದ ಒಬ್ಬ ಯಜಮಾನರು "ನಿಧಿ ಅಂದ್ರಲ್ಲ ಸ್ವಾಮಿ, ಎಲ್ಲೈತಂತೆ?" ಅಂತ ಕೇಳಿದರು. ನಾನು ನಗುತ್ತಾ "ಇಲ್ಲೇ ಎಲ್ಲೋ ಇರಬೇಕು" ಅಂದೆ. ತಮಾಷೆಗೆ.

ಎಂಟು ತಿಂಗಳ ಮೇಲೆ ಅಳತೆ ತೆಗೆಯೋಕೆ ಮತ್ತೆ ಹೋದಾಗ ಕಲ್ಲಿನ ಬುಡದಲ್ಲಿ ಆಳೆತ್ತರದ ಗುಂಡಿ. ಪಕ್ಕದಲ್ಲಿ ಒಡೆದ ನಿಂಬೆಹಣ್ಣು, ಕುಂಕುಮ. ಕಲ್ಲು ಎರಡು ತುಂಡು. ಮೇಲ್ಭಾಗದ ಸೂರ್ಯ-ಚಂದ್ರರ ಕೆತ್ತನೆಯನ್ನು ಉಳಿಯಿಂದ ಕೆದಕಿದ್ದರು, ಒಳಗೆ ಏನೋ ಇದೆ ಅಂದುಕೊಂಡು. ಯಾರು ಮಾಡಿದರು ಅಂತ ಊರಲ್ಲಿ ಯಾರೂ ಬಾಯಿ ಬಿಡಲಿಲ್ಲ. ಆ ಯಜಮಾನರು ಮಾತ್ರ ನನ್ನ ಮುಖ ನೋಡಿ, "ನೀವೇ ಹೇಳಿದ್ರಲ್ಲ ಸ್ವಾಮಿ" ಅಂದರು. ಕೋಪದಿಂದಲ್ಲ, ಸುಮ್ಮನೆ.

ಈಗ ಯಾವ ಊರಿಗೆ ಹೋದರೂ ಮೊದಲು ಅಷ್ಟಭೋಗದ ಅರ್ಥ ಹೇಳ್ತೀನಿ, ಸೂರ್ಯ-ಚಂದ್ರರಿರುವವರೆಗೆ ದಾನ ನಡೆಯಲಿ ಅನ್ನೋದಕ್ಕೆ ಆ ಕೆತ್ತನೆ ಅಂತ ಹೇಳ್ತೀನಿ, ಆಮೇಲೆ ಶಾಸನ ಓದ್ತೀನಿ. ಅಕ್ಕನ ಮಗನಿಗೂ ಮುರಿದ ಕಲ್ಲಿನ ಫೋಟೋ ತೋರಿಸಿದೆ. ಅವನು ಬಹಳ ಹೊತ್ತು ನೋಡಿ, "ಮಧ್ಯದಲ್ಲಿ ಏನಿತ್ತು ಮಾವ?" ಅಂದ.

ತುಂಡುಗಳನ್ನು ಊರವರು ದೇವಸ್ಥಾನದ ಗೋಡೆಗೆ ಒರಗಿಸಿದ್ದಾರೆ. ಒಡೆದ ಗೆರೆ ಹೋಗಿರೋದು ಸರಿಯಾಗಿ ದಾನಿಯ ಹೆಸರಿನ ಮೇಲೆ. ಅಲ್ಲಿನ ಏಳು ಅಕ್ಷರ ಈಗ ಕಲ್ಲಿನಲ್ಲಿಲ್ಲ, ಮೊದಲ ಸಲ ಹೋದಾಗ ನಾನು ತೆಗೆದ ಫೋಟೋದಲ್ಲಿವೆ. ಆರು ಓದೋಕೆ ಬರುತ್ತೆ. ಒಂದರ ಮೇಲೆ ನನ್ನದೇ ನೆರಳು ಬಿದ್ದಿದೆ.