ಕರೆಗಂಟೆಗೆ ಕಣ್ಣು ಕೊಟ್ಟ ಜೇಮಿ ಸಿಮಿನಾಫ್

2013ರ ನವೆಂಬರ್‌ನಲ್ಲಿ ಪ್ರಸಾರವಾದ ಅಮೆರಿಕದ ‘ಶಾರ್ಕ್ ಟ್ಯಾಂಕ್’ ಕಾರ್ಯಕ್ರಮದಲ್ಲಿ ಜೇಮಿ ಸಿಮಿನಾಫ್ ಕೇಳಿದ್ದು 7 ಲಕ್ಷ ಡಾಲರ್. ಪ್ರತಿಯಾಗಿ ಕಂಪನಿಯಲ್ಲಿ ಶೇ 10ರಷ್ಟು ಪಾಲು ಬಿಟ್ಟುಕೊಡಲು ಸಿದ್ಧರಿದ್ದರು. ಮಾರಲು ತಂದಿದ್ದು ಒಂದು ಕರೆಗಂಟೆ, ಹೆಸರು ಡೋರ್‌ಬಾಟ್. ಬಾಗಿಲಲ್ಲಿ ನಿಂತವರು ಗುಂಡಿ ಒತ್ತಿದರೆ ಮನೆಯವರ ಮೊಬೈಲಿನಲ್ಲಿ ಅವರ ಮುಖ ಮೂಡುತ್ತಿತ್ತು. ಮನೆಯವರು ಎಲ್ಲೇ ಇದ್ದರೂ ಅಲ್ಲಿಂದಲೇ ಮಾತಾಡಬಹುದಿತ್ತು.

ಹೂಡಿಕೆದಾರರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಈ ಕಂಪನಿ ತೀರಾ ದೊಡ್ಡದಾಗಿ ಬೆಳೆದೀತೆಂಬ ನಂಬಿಕೆ ಮಾರ್ಕ್ ಕ್ಯೂಬನ್ ಅವರಿಗೆ ಬರಲಿಲ್ಲ. ಲೆಕ್ಕ ಮುಂದಿಟ್ಟವರು ಕೆವಿನ್ ಒ’ಲಿಯರಿ ಒಬ್ಬರೇ. 7 ಲಕ್ಷವನ್ನು ಅವರು ಕೊಡುವುದು ಸಾಲವಾಗಿ. ಅದು ತೀರುವ ತನಕ ಮಾರಾಟದ ಶೇ 10 ಅವರಿಗೆ. ತೀರಿದ ಮೇಲೂ ಮುಂದಿನ ಎಲ್ಲ ಮಾರಾಟದ ಮೇಲೆ ಶೇ 7 ರಾಯಧನ. ಇದರ ಮೇಲೆ ಕಂಪನಿಯಲ್ಲಿ ಶೇ 5 ಪಾಲು. ಮೀಟರ್ ಬಡ್ಡಿಯವರೂ ತಲೆದೂಗುವಂಥ ಲೆಕ್ಕ! ಜೇಮಿ ಒಪ್ಪಲಿಲ್ಲ, ಬರಿಗೈಲಿ ಹೊರಬಂದರು. ಅವತ್ತು ಕಣ್ಣೀರು ಬಂದಿತ್ತೆಂದು ಆಮೇಲೆ ಅವರೇ ಹೇಳಿಕೊಂಡಿದ್ದಾರೆ. ಆದರೆ ಕಾರ್ಯಕ್ರಮ ಪ್ರಸಾರವಾಗಿದ್ದೇ ತಡ, ಆರ್ಡರುಗಳು ಹರಿದು ಬಂದವು. ದುಡ್ಡು ಕೊಡದ ಕಾರ್ಯಕ್ರಮ ಪುಕ್ಕಟೆ ಜಾಹೀರಾತು ಕೊಟ್ಟಿತ್ತು.

ಇದು ಅವರ ಮೊದಲ ಸಾಹಸವೇನಲ್ಲ. ಬ್ಯಾಬ್ಸನ್ ಕಾಲೇಜಿನಲ್ಲಿ ಓದಿದ ಜೇಮಿ, ವಾಯ್ಸ್‌ಮೇಲ್ ಸಂದೇಶವನ್ನು ಅಕ್ಷರಕ್ಕಿಳಿಸುವ ‘ಫೋನ್‌ಟ್ಯಾಗ್’ ಕಟ್ಟಿ ಮಾರಿದ್ದರು. ಬೇಡದ ಇಮೇಲುಗಳ ಕಾಟ ತಪ್ಪಿಸುವ ‘ಅನ್‌ಸಬ್‌ಸ್ಕ್ರೈಬ್’ ಕಟ್ಟಿ ಅದನ್ನೂ ಮಾರಿದ್ದರು. ಆಮೇಲೆ ಲಾಸ್ ಏಂಜಲೀಸ್‌ನ ಪೆಸಿಫಿಕ್ ಪ್ಯಾಲಿಸೇಡ್ಸ್‌ನ ಮನೆಯ ಗ್ಯಾರೇಜಿನಲ್ಲಿ ಹೊಸ ಹೊಸ ವಸ್ತುಗಳನ್ನು ಮಾಡುತ್ತ ಕೂತರು. ಅಲ್ಲಿ ಕೂತರೆ ಮುಂಬಾಗಿಲ ಗಂಟೆ ಕೇಳಿಸುತ್ತಿರಲಿಲ್ಲ. ಪಾರ್ಸೆಲ್ ತಂದವರು ವಾಪಸು ಹೋಗುತ್ತಿದ್ದರು. ಗಂಟೆಯನ್ನು ಮೊಬೈಲಿಗೆ ಜೋಡಿಸಿಕೊಂಡದ್ದು ಈ ಪೇಚಾಟ ತಪ್ಪಿಸಿಕೊಳ್ಳಲಷ್ಟೇ. ಇದರಿಂದ ಮನೆಯಲ್ಲಿ ಧೈರ್ಯವಾಗಿರುತ್ತದೆ ಎಂದದ್ದು ಅವರ ಹೆಂಡತಿ. ಅನುಕೂಲದ ವಸ್ತು ಭದ್ರತೆಯ ವಸ್ತುವಾದದ್ದು ಆ ಮಾತಿನಿಂದ. ಪಾರ್ಸೆಲ್ ತಪ್ಪಿಹೋಗುತ್ತದೆಂದು ಕೊಳ್ಳುವವರು ಎಷ್ಟು ಜನ, ಕಳ್ಳರ ಭಯಕ್ಕೆ ಕೊಳ್ಳುವವರು ಎಷ್ಟು ಜನ? ಅವರ ವ್ಯಾಪಾರದ ಗುಟ್ಟೆಲ್ಲ ಇಲ್ಲೇ ಇದೆ.

ಹಾಗೆ ನೋಡಿದರೆ ಈ ಕಲ್ಪನೆ ಬಹಳ ಹಳೆಯದು. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ನರ್ಸ್ ಮೇರಿ ವಾನ್ ಬ್ರಿಟನ್ ಬ್ರೌನ್ 1966ರಲ್ಲೇ ಗಂಡ ಆಲ್ಬರ್ಟ್ ಜೊತೆ ಸೇರಿ ಪೇಟೆಂಟಿಗೆ ಅರ್ಜಿ ಹಾಕಿದ್ದರು. ಬಾಗಿಲಲ್ಲಿ ಬೇರೆ ಬೇರೆ ಎತ್ತರಕ್ಕೆ ನಾಲ್ಕು ಇಣುಕು ಕಿಂಡಿಗಳು. ಬಂದವರು ಎತ್ತರದವರಾಗಲಿ, ಮಕ್ಕಳಾಗಲಿ, ಕ್ಯಾಮೆರಾ ಮೇಲೆ ಕೆಳಗೆ ಸರಿದು ಸರಿಯಾದ ಕಿಂಡಿಯ ಮುಂದೆ ನಿಲ್ಲುತ್ತಿತ್ತು. ಚಿತ್ರ ಮಲಗುವ ಕೋಣೆಯ ಟಿ.ವಿ.ಯಲ್ಲಿ ಕಾಣುತ್ತಿತ್ತು. ಅಲ್ಲಿಂದಲೇ ಮಾತಾಡಬಹುದು, ರೇಡಿಯೊ ಅಲೆಯಿಂದ ಚಿಲಕ ತೆಗೆಯಬಹುದು, ಅಪಾಯವೆನಿಸಿದರೆ ಗುಂಡಿ ಒತ್ತಿ ನೆರವಿಗೆ ಕರೆಯಬಹುದು. 1969ರ ಡಿಸೆಂಬರ್‌ನಲ್ಲಿ ಪೇಟೆಂಟ್ ಸಿಕ್ಕಿತು. ಜೇಮಿ ಕಾಲಕ್ಕೆ ಇಂಟರ್‌ನೆಟ್ ಇತ್ತು, ಅಗ್ಗದ ಕ್ಯಾಮೆರಾ ಇತ್ತು, ಎಲ್ಲರ ಜೇಬಿನಲ್ಲೂ ಪರದೆ ಇತ್ತು. ಆದರೂ ಮೂಲ ಕಲ್ಪನೆಯ ಶ್ರೇಯಸ್ಸು ಮೇರಿಗೇ ಸಲ್ಲಬೇಕು.

ಜೇಮಿಯ ಶಕ್ತಿ ಹಟದಲ್ಲಿತ್ತು. ಡೋರ್‌ಬಾಟ್‌ನಲ್ಲಿ ಕೊರತೆಗಳು ಬಹಳವಿದ್ದವು. ಅದನ್ನು ತಿದ್ದಿ, 2014ರಲ್ಲಿ ‘ರಿಂಗ್’ ಹೆಸರಿನಲ್ಲಿ ಮತ್ತೆ ಮಾರುಕಟ್ಟೆಗೆ ಬಿಟ್ಟರು. ಉದ್ಯಮಿ ರಿಚರ್ಡ್ ಬ್ರಾನ್ಸನ್ ಹಣ ಹಾಕಿದರು, ಬ್ಯಾಸ್ಕೆಟ್‌ಬಾಲ್ ದೈತ್ಯ ಶಕೀಲ್ ಓ’ನೀಲ್ ಜಾಹೀರಾತಿನ ಮುಖವಾದರು. 2018ರಲ್ಲಿ ಅಮೆಜಾನ್ ಸುಮಾರು 100 ಕೋಟಿ ಡಾಲರ್ ಕೊಟ್ಟು ರಿಂಗ್ ಅನ್ನು ಕೊಂಡಿತೆಂದು ಸುದ್ದಿಯಾಯಿತು. ಅದೇ ವರ್ಷ ಜೇಮಿ ಶಾರ್ಕ್ ಟ್ಯಾಂಕಿಗೆ ಮತ್ತೆ ಹೋದರು, ಈ ಸಲ ಹೂಡಿಕೆದಾರರ ಕುರ್ಚಿಯಲ್ಲಿ ಕೂರಲು.

ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಸ್ಫೂರ್ತಿ ಭಾಷಣಕಾರರ ಪಾಲಾಗುತ್ತಿತ್ತು. ಆದರೆ ಮುಗಿಯಲಿಲ್ಲ. ಲಾಸ್ ಏಂಜಲೀಸ್‌ನ ವಿಲ್‌ಶೈರ್ ಪಾರ್ಕ್ ಬಡಾವಣೆಯ ಶೇ 10ರಷ್ಟು ಮನೆಗಳಿಗೆ ಕ್ಯಾಮೆರಾ ಹಾಕಿದ್ದರಿಂದ ಕನ್ನಗಳ್ಳತನ ಶೇ 55ರಷ್ಟು ಇಳಿಯಿತೆಂದು ಕಂಪನಿ ಸಾರಿತ್ತು. ಆ ಲೆಕ್ಕವನ್ನು ಪತ್ರಕರ್ತರು ಕೆದಕಿ ನೋಡಿದಾಗ ಅದು ಗಟ್ಟಿಯಾಗಿ ನಿಲ್ಲಲಿಲ್ಲ. 2019ರ ಹೊತ್ತಿಗೆ 400ಕ್ಕೂ ಹೆಚ್ಚು ಪೊಲೀಸ್ ಇಲಾಖೆಗಳು ರಿಂಗ್ ಜೊತೆ ಕೈಜೋಡಿಸಿದ್ದವು. ಮನೆಯವರನ್ನು ಕೇಳಿ ವಿಡಿಯೊ ಪಡೆಯುವ ಏರ್ಪಾಡು ಅದು. ಆ್ಯಪ್ ಮೂಲಕ ಹಾಗೆ ಕೇಳುವ ಸೌಲಭ್ಯವನ್ನು ಕಂಪನಿ 2024ರಲ್ಲಿ ನಿಲ್ಲಿಸಿತು.

ಬೇಲಿಯೇ ಎದ್ದು ಹೊಲ ಮೇಯ್ದ ಪ್ರಸಂಗವೂ ಉಂಟು. 2017ರಲ್ಲಿ ಕಂಪನಿಯ ಉದ್ಯೋಗಿಯೊಬ್ಬ ಕನಿಷ್ಠ 81 ಮಹಿಳಾ ಗ್ರಾಹಕರ ಸಾವಿರಾರು ವಿಡಿಯೊಗಳನ್ನು ನೋಡಿದ್ದನೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. ಬಾಗಿಲ ಕರೆಗಂಟೆಗಳಲ್ಲ, ಮಲಗುವ ಕೋಣೆ, ಬಚ್ಚಲುಮನೆಯಂಥ ಜಾಗಕ್ಕೆ ಹಾಕಿದ ರಿಂಗ್ ಕ್ಯಾಮೆರಾಗಳವು. 2019ರಲ್ಲಿ ಮಿಸಿಸಿಪಿಯ ಮನೆಯೊಂದರ ಕ್ಯಾಮೆರಾಕ್ಕೆ ಹ್ಯಾಕರ್ ನುಗ್ಗಿ, ಎಂಟು ವರ್ಷದ ಹುಡುಗಿಯೊಡನೆ ‘ನಾನು ಸಾಂತಾ ಕ್ಲಾಸ್’ ಎಂದು ಮಾತಾಡಿದ್ದ. 2023ರಲ್ಲಿ 58 ಲಕ್ಷ ಡಾಲರ್ ಕೊಟ್ಟು ಕಂಪನಿ ಟ್ರೇಡ್ ಕಮಿಷನ್‌ನ ಪ್ರಕರಣ ಮುಗಿಸಿಕೊಂಡಿತು. ಅಮೆಜಾನ್ ತೆತ್ತ ಬೆಲೆಯ ಮುಂದೆ ಇದು ಚಿಲ್ಲರೆ.

ಅದೇ ವರ್ಷ ಜೇಮಿ ಮುಖ್ಯಸ್ಥನ ಸ್ಥಾನ ಬಿಟ್ಟರು. 2025ರ ಜನವರಿಯ ಕಾಳ್ಗಿಚ್ಚಿನಲ್ಲಿ ಡೋರ್‌ಬಾಟ್ ಹುಟ್ಟಿದ ಆ ಗ್ಯಾರೇಜು ಸುಟ್ಟುಹೋಯಿತು. ಏಪ್ರಿಲ್‌ನಲ್ಲಿ ಅವರು ಅಮೆಜಾನ್‌ಗೆ ಮರಳಿ ರಿಂಗ್‌ನ ಹೊಣೆ ಹೊತ್ತರು. ಅವರು ಒಳ್ಳೆಯ ಛಲಗಾರ, ಅನುಮಾನವಿಲ್ಲ. ಆದರೆ ಜನರ ಮನೆಯೊಳಗಿನ ಚಿತ್ರ ಕೈಗೆ ಬಂದ ಮೇಲೆ ಇರಬೇಕಾದ ಎಚ್ಚರ ಕಂಪನಿಗೆ ತಡವಾಗಿ ಬಂತು ಎಂಬುದೂ ಅಷ್ಟೇ ದಿಟ.

ಇಂಥ ಕರೆಗಂಟೆಗಳು ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೂ ಬಂದಿವೆ, ಕಂಪನಿ ಯಾವುದಾದರೂ ಇರಲಿ. ನೀವೂ ಹಾಕಿಸುವುದಾದರೆ ಪಾಸ್‌ವರ್ಡ್ ಜೊತೆಗೆ ಒಟಿಪಿಯೂ ಬೇಕಾಗುವಂತೆ ಮಾಡಿಕೊಳ್ಳಿ. ಮಲಗುವ ಕೋಣೆಗೆ ಕ್ಯಾಮೆರಾ ಬೇಡವೇ ಬೇಡ. ಎದುರು ಮನೆಯ ಬಾಗಿಲು ಚಿತ್ರದಲ್ಲಿ ಬೀಳುತ್ತಿದ್ದರೆ ಅವರನ್ನು ಒಂದು ಮಾತು ಕೇಳಿ, ಇಲ್ಲವೇ ಕ್ಯಾಮೆರಾ ಕೊಂಚ ಓರೆ ಮಾಡಿ.