ಮಣ್ಣಿನ ಮಾವಿಗೆ ಗಾಳಿಯ ಬಣ್ಣ

ಗೋಕಾಕ ಅಂದರೆ ಹೊರಗಿನವರಿಗೆ ಮೊದಲು ಕರದಂಟು, ಆಮೇಲೆ ಜಲಪಾತ. ಗೊಂಬೆಯ ಸರದಿ ಬರುವುದು ಅದರ ನಂತರ. ಅಲ್ಲಿನ ಜೀನಗಾರ ಮನೆತನಗಳು ಹಗುರ ಕಟ್ಟಿಗೆ ಮತ್ತು ಮಣ್ಣಿನಲ್ಲಿ ಮಾಡುವ ಹಣ್ಣು, ಕಾಯಿಪಲ್ಲೆಗಳನ್ನು ಬುಟ್ಟಿಯಲ್ಲಿಟ್ಟರೆ ಮುಟ್ಟಿ ನೋಡುವ ತನಕ ನಂಬಿಕೆ ಬರುವುದಿಲ್ಲ. ಅದರಲ್ಲಿ ಅರ್ಧ ಕೈವಾಡ ಆಕಾರದ್ದು, ಉಳಿದರ್ಧ ಬಣ್ಣದ್ದು.

ಮಾವಿನ ಹಣ್ಣನ್ನೇ ನೋಡಿ. ಹಳದಿ ಎಲ್ಲಿ ಮುಗಿಯಿತು, ತೊಟ್ಟಿನ ಬದಿಯ ಕೆಂಪು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ಕುಂಚದಿಂದ ಈ ಅಂಚು ಅಳಿಸಲು ಪಳಗಿದ ಕೈ ಬೇಕು, ತಾಳ್ಮೆಯೂ ಬೇಕು. ಏರ್‌ಬ್ರಷ್ ಹುಟ್ಟಿದ್ದೇ ಇಂಥ ಕೆಲಸಕ್ಕೆ. 1892ರಲ್ಲಿ ಅಮೆರಿಕದ ಚಾರ್ಲ್ಸ್ ಬರ್ಡಿಕ್ ಪೇಟೆಂಟ್ ಪಡೆದ ಪೆನ್ನಿನಂಥ ಉಪಕರಣದ ತತ್ವ ಇವತ್ತಿಗೂ ಬದಲಾಗಿಲ್ಲ: ಸೂಜಿಯ ಸುತ್ತ ರಭಸದಿಂದ ಹೊರಡುವ ಗಾಳಿ ಬಣ್ಣವನ್ನು ಸೆಳೆದು ಹನಿಹನಿಯಾಗಿ ಒಡೆಯುತ್ತದೆ. ಗುಂಡಿ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. 0.3 ಮಿ.ಮೀ. ನಾಝಲ್, 15ರಿಂದ 20 ಪಿಎಸ್ಐ ಒತ್ತಡ, ಎರಡು ಮೂರು ಇಂಚು ಅಂತರ ಇದ್ದರೆ ಮಾವಿನ ಕೆನ್ನೆ ಕೆಂಪಾಗಲು ಹೆಚ್ಚು ಹೊತ್ತು ಬೇಕಿಲ್ಲ.

ತೊಂದರೆ ಏನೆಂದರೆ, ಸಿಂಪಡಿಸಿದ ಬಣ್ಣವೆಲ್ಲ ಹಣ್ಣಿಗೆ ಅಂಟುವುದಿಲ್ಲ. ಒಂದು ಪಾಲು ಮಂಜಾಗಿ ತೇಲುತ್ತದೆ. ಪಡಸಾಲೆಯ ಟಿವಿ ಮೇಲೆ ಕೂರುತ್ತದೆ, ಎದೆಗೂ ಇಳಿಯುತ್ತದೆ. ಗಣೇಶ ಚವತಿ ಹತ್ತಿರವಾದಾಗ ಮೂರ್ತಿ ಮಾಡುವವರ ಶೆಡ್‌ಗಳಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಮಳೆಯ ದಿನಗಳು, ತಾಡಪತ್ರಿ ಇಳಿಬಿಟ್ಟು ಒಳಗೆ ಕಂಪ್ರೆಸರ್ ಓಡುತ್ತಿರುತ್ತದೆ, ಬಣ್ಣ ಹೊಡೆಯುವವರು ಮೂಗಿಗೆ ಕರವಸ್ತ್ರ ಕಟ್ಟಿರುತ್ತಾರೆ. ಕರವಸ್ತ್ರ ಬಿಡಿ, ಎನ್‌95 ಮಾಸ್ಕ್ ಕೂಡ ತಡೆಯುವುದು ಕಣವನ್ನು ಮಾತ್ರ. ಥಿನ್ನರ್ ಆವಿಗೆ ಸಕ್ರಿಯ ಇದ್ದಿಲಿನ ಕಾರ್ಟ್ರಿಜ್ ಇರುವ ಮುಖವಾಡವೇ ಆಗಬೇಕು.

ದೊಡ್ಡ ಮೂರ್ತಿಯ ಮಾತು ಬೇರೆ. ಹಣ್ಣು, ಗೊಂಬೆ ಅಥವಾ ಈಗಿನ ಹುಡುಗರು ಜೋಡಿಸುವ ವಿಮಾನ, ಟ್ಯಾಂಕ್ ಮಾದರಿಗಳಾದರೆ ಮೇಜಿನ ಮೇಲೆ ಕೂರುವ ಸ್ಪ್ರೇ ಬೂತ್ ಸಾಕು. ಮುಂಬದಿ ತೆರೆದ ಪೆಟ್ಟಿಗೆ, ಹಿಂದೆ ಫಿಲ್ಟರ್, ಅದರ ಹಿಂದೆ ಫ್ಯಾನ್, ಅಲ್ಲಿಂದ ಕಿಟಕಿಯಾಚೆಗೆ ಕೊಳವೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಬ್ಬಿನ ಸೀಮೆ. ಟ್ರೇಲರ್ ರಿಪೇರಿ ಮಾಡುವ ವೆಲ್ಡಿಂಗ್ ಅಂಗಡಿಗಳಿಗೆ ಇಲ್ಲಿ ಕೊರತೆಯಿಲ್ಲ. ಅಳತೆ ಬರೆದುಕೊಟ್ಟರೆ ತಗಡಿನ ಪೆಟ್ಟಿಗೆ ಊರಲ್ಲೇ ಆಗುತ್ತದೆ.

ಲೆಕ್ಕ ತಪ್ಪುವುದು ಫ್ಯಾನಿನಲ್ಲಿ. ಬೂತಿನ ಬಾಯಲ್ಲಿ ಗಾಳಿ ನಿಮಿಷಕ್ಕೆ ಸುಮಾರು 100 ಅಡಿ ವೇಗದಲ್ಲಿ ಒಳಹೋಗಬೇಕೆಂಬುದು ರೂಢಿಯ ಅಳತೆ. ಬಾಯಿ ಎರಡು ಅಡಿ ಅಗಲ, ಒಂದೂವರೆ ಅಡಿ ಎತ್ತರವಾದರೆ ಮೂರು ಚದರ ಅಡಿ. ಅಂದರೆ ನಿಮಿಷಕ್ಕೆ 300 ಘನ ಅಡಿ, ಗಂಟೆಗೆ ಸುಮಾರು 510 ಘನ ಮೀಟರ್. ಡಬ್ಬಿಯ ಮೇಲೆ ಬರೆದ ಸಾಮರ್ಥ್ಯ ಫಿಲ್ಟರ್, ಕೊಳವೆ ಜೋಡಿಸಿದ ಮೇಲೆ ಉಳಿಯುವುದಿಲ್ಲ. ಹಾಗಾಗಿ ಒಂದೂವರೆ ಪಟ್ಟಿಗಿಂತ ಕಡಿಮೆಯದನ್ನು ಕೊಳ್ಳುವುದು ದಂಡ. ಕೊಳವೆ ಗಿಡ್ಡ ಇರಲಿ, ನೇರ ಇರಲಿ. ಒಂದೊಂದು ಮೊಣಕೈ ತಿರುವೂ ಎಳೆತ ತಿನ್ನುತ್ತದೆ. ಮಡಿಕೆ ಮಡಿಕೆಯ ಅಲ್ಯುಮಿನಿಯಂ ಪೈಪಿಗಿಂತ ನುಣುಪಾದ ಪಿವಿಸಿ ಮೇಲು. ಇನ್ನೊಂದು ಬದಿಯ ಬಾಗಿಲು ಸ್ವಲ್ಪ ತೆರೆದಿರಬೇಕು, ಇಲ್ಲದಿದ್ದರೆ ಫ್ಯಾನ್ ಎಳೆಯಲು ಗಾಳಿ ಎಲ್ಲಿಂದ ಬರಬೇಕು? ಕೊಳವೆಯ ತುದಿ ಪಕ್ಕದ ಮನೆಯವರು ಬಟ್ಟೆ ಒಣಹಾಕುವ ಕಡೆಗಿದ್ದರೆ ಹವ್ಯಾಸ ಒಂದೇ ವಾರಕ್ಕೆ ಮುಗಿದೀತು.

ಎಳೆತ ಸಾಕೋ ಇಲ್ಲವೋ ನೋಡಲು ಮೀಟರ್ ಬೇಡ. ಬಣ್ಣ, ಥಿನ್ನರ್ ಎಲ್ಲ ಹೊರಗಿಟ್ಟು ಒಂದು ಊದುಬತ್ತಿ ಹಚ್ಚಿ ಬೂತಿನ ಬಾಯಿಗೆ ಹಿಡಿದರಾಯಿತು. ಹೊಗೆಯ ಎಳೆ ಬಾಗಿ ನೇರ ಒಳಹೋದರೆ ಸರಿ. ಸುತ್ತಿ ಮುಖಕ್ಕೇ ವಾಪಸಾದರೆ ಬಣ್ಣವೂ ಹಾಗೇ ಬರುತ್ತದೆ.

ಥಿನ್ನರಿನ ಬಣ್ಣಕ್ಕೆ ಈ ಬೂತ್ ತಕ್ಕದ್ದಲ್ಲ. ಸಾಮಾನ್ಯ ಎಕ್ಸಾಸ್ಟ್ ಫ್ಯಾನಿನ ಮೋಟರ್ ಆವಿಯ ದಾರಿಯಲ್ಲೇ ಇರುತ್ತದೆ, ಒಂದು ಕಿಡಿಗೆ ಹೊತ್ತಿಕೊಳ್ಳಬಹುದು. ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣವೇ ಮನೆಗೆ ಲೇಸು. ಗ್ಯಾರೇಜಿನ ಕಾರು ಬಣ್ಣ ಅಗ್ಗಕ್ಕೆ ಸಿಕ್ಕಿತೆಂದು ಗೊಂಬೆಗೆ ಹೊಡೆಯುವವರು ಇನ್ನೊಂದು ಸಂಗತಿ ತಿಳಿದಿರಬೇಕು. ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದ್ದರೂ ಅದು ಮನೆಬಳಕೆಯ, ಅಲಂಕಾರದ ಬಣ್ಣಗಳಿಗೆ ಮಾತ್ರ. ಮಕ್ಕಳು ಗೊಂಬೆಯನ್ನು ಬಾಯಿಗೆ ಹಾಕಿಕೊಳ್ಳದೆ ಬಿಡುವುದಿಲ್ಲ.

ಅಕ್ರಿಲಿಕ್‌ಗೂ ಊರಿನ ಹವೆಯ ಜೊತೆ ಜಗಳ ಉಂಟು. ಏಪ್ರಿಲ್, ಮೇ ಬಿಸಿಲಲ್ಲಿ ಬಣ್ಣ ನಾಝಲ್ ತುದಿಯಲ್ಲೇ ಒಣಗಿ ಕಟ್ಟಿಕೊಳ್ಳುತ್ತದೆ. ಅಂತರ ಹೆಚ್ಚಾದರೆ ಹನಿ ಗಾಳಿಯಲ್ಲೇ ಒಣಗಿ ಹಣ್ಣಿನ ಮೈ ಮರಳು ಕಾಗದದಂತಾಗುತ್ತದೆ. ಒಣಗುವುದನ್ನು ತಡಮಾಡುವ ರಿಟಾರ್ಡರ್ ಒಂದೆರಡು ಹನಿ ಬೆರೆಸಿ, ಬೆಳಗಿನ ತಂಪಿನಲ್ಲಿ ಕೂರುವುದು ಸುಲಭದ ದಾರಿ. ಮಳೆಗಾಲದಲ್ಲಿ ಇದರ ಉಲ್ಟಾ: ಕಂಪ್ರೆಸರ್ ಟ್ಯಾಂಕಿನಲ್ಲಿ ನೀರು ಕೂಡಿ ಬಣ್ಣದ ಜೊತೆ ಉಗುಳುತ್ತದೆ. ನೀರು ಹಿಡಿಯುವ ಟ್ರ್ಯಾಪ್ ಇಲ್ಲದೆ ಜುಲೈ, ಆಗಸ್ಟ್‌ನಲ್ಲಿ ಕೆಲಸ ಸಾಗದು.

ಕರೆಂಟಿನ ಚಿಂತೆ ದೊಡ್ಡದಲ್ಲ. 1969ರಿಂದ ಸಹಕಾರ ಸಂಘವೇ ವಿದ್ಯುತ್ ಹಂಚುತ್ತಿರುವ ಹುಕ್ಕೇರಿಯಲ್ಲಾಗಲಿ, ಹೆಸ್ಕಾಂ ಇರುವ ಗೋಕಾಕದಲ್ಲಾಗಲಿ, ಆರನೇ ಒಂದು ಎಚ್‌ಪಿಯ ಸಣ್ಣ ಕಂಪ್ರೆಸರ್ ಮತ್ತು ಫ್ಯಾನ್ ಕೂಡಿ ಒಂದು ಯೂನಿಟ್ ಮುಗಿಸಲು ನಾಲ್ಕೈದು ಗಂಟೆ ಬೇಕು. ದೀಪಕ್ಕೆ ಮಾತ್ರ ಜಿಪುಣತನ ಬೇಡ. ಹಳದಿ ಬಲ್ಬಿನಡಿ ಹಳದಿ ಮಾವು ಅಳೆಯಲಾಗದು, ಹಗಲ ಬೆಳಕಿನ ಎಲ್ಇಡಿ ಹಾಕಿಸಿ.

ಹೊಸದಾಗಿ ಶುರು ಮಾಡುವವರು ದುಬಾರಿ ಏರ್‌ಬ್ರಷ್ ಕೊಂಡು ಬೂತನ್ನು ಮುಂದಿನ ತಿಂಗಳಿಗೆ ದೂಡುತ್ತಾರೆ. ಮೊದಲು ಫ್ಯಾನ್, ಕೊಳವೆ, ಪೆಟ್ಟಿಗೆ ತಯಾರಾಗಲಿ. ಬ್ರಷ್ ಆಮೇಲೆ ಕೊಳ್ಳಿ.